ವೈರಿ ಕೈ ಸೇರಿದ ಝೀರೋ: ಮನೆಯಲ್ಲೇ ಮಾದರಿ ಕಟ್ಟುವುದು ಹೇಗೆ

ಕಿಟ್ ತಂದ ದಿನವೇ ಅಂಟಿನ ಬಾಟಲಿ ತೆರೆಯಬೇಡಿ. ಮೊದಲು ಒಂದು ತಾರೀಖು ಆರಿಸಿಕೊಳ್ಳಿ.

ಯಾಕೆ ಅಂದರೆ, ನಾವು ಕಟ್ಟೋಕೆ ಹೊರಟಿರುವ ವಿಮಾನ ಒಂದೇ ಆದರೂ ಅದಕ್ಕೆ ಎರಡು ಜನ್ಮ. 1942ರ ಜೂನ್ 4ರಂದು ಅದು ಜಪಾನ್ ನೌಕಾಪಡೆಯ ಬೂದು ಬಣ್ಣದ ಝೀರೋ ಯುದ್ಧವಿಮಾನ. ರೆಕ್ಕೆ ಮೇಲೆ ಕೆಂಪು ಸೂರ್ಯ. ಅದೇ ವರ್ಷ ಸೆಪ್ಟೆಂಬರ್ 20ರಂದು ಅದೇ ವಿಮಾನಕ್ಕೆ ನೀಲಿ ಬಣ್ಣ, ಬಿಳಿ ನಕ್ಷತ್ರ, ಒಳಗೆ ಅಮೆರಿಕದ ಪೈಲಟ್. ಕಿಟ್ ಡಬ್ಬದ ಮೇಲಿರುವ ಚಿತ್ರ ಸಾಮಾನ್ಯವಾಗಿ ಮೊದಲನೇ ಜನ್ಮದ್ದು. ನಾನು ಹೇಳಿಕೊಡುವುದು ಎರಡನೆಯದನ್ನು.

ನಾನು ವಿಮಾನ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಫಿಟ್ಟರ್ ಆಗಿದ್ದವನು. ಮನೆ ಮುರುಗೇಶ್‌ಪಾಳ್ಯದಲ್ಲಿ. ರಿಟೈರ್ ಆದಮೇಲೆ ಕೈ ಸುಮ್ನೆ ಕೂರಲಿಲ್ಲ. ತಂಗಿಯ ಮೊಮ್ಮಗ ಒಂಬತ್ತನೇ ಕ್ಲಾಸು, ಅವನ ನೆಪದಲ್ಲಿ ಶುರು ಮಾಡಿದೆ. ಈಗ ಅವನು ಮೊಬೈಲ್ ನೋಡುತ್ತಾ ಕೂರುತ್ತಾನೆ, ನಾನು ಕಟ್ಟುತ್ತೇನೆ.

ಕಥೆ ಸ್ವಲ್ಪ ಗೊತ್ತಿದ್ದರೆ ಕೈಗೆ ಕೆಲಸ ಸುಲಭ. ಆ ಜೂನ್ 4ರಂದು ರ್ಯೂಜೊ ಅನ್ನುವ ವಿಮಾನವಾಹಕ ಹಡಗಿನಿಂದ ಹೊರಟ ಝೀರೋಗಳು ಅಲಾಸ್ಕಾದ ಡಚ್ ಹಾರ್ಬರ್ ಮೇಲೆ ದಾಳಿ ಮಾಡಿದವು. ತದಯೋಶಿ ಕೋಗಾ ಅನ್ನುವ ಹತ್ತೊಂಬತ್ತು ವರ್ಷದ ಹುಡುಗನ ವಿಮಾನಕ್ಕೆ ಕೆಳಗಿನಿಂದ ಗುಂಡು ಬಿತ್ತು. ಆಯಿಲ್ ಪೈಪು ತುಂಡಾಯಿತು. ಹತ್ತಿರದ ಅಕುಟಾನ್ ದ್ವೀಪದಲ್ಲಿ ಹಸಿರು ಬಯಲು ಕಾಣಿಸಿತು. ಗಟ್ಟಿ ಹುಲ್ಲುಗಾವಲು ಅಂದುಕೊಂಡು ಚಕ್ರ ಇಳಿಸಿದ. ಅದು ಜೌಗು. ಚಕ್ರ ಹೂತುಕೊಂಡು ವಿಮಾನ ಮಗುಚಿತು, ಕೋಗಾ ಕುತ್ತಿಗೆ ಮುರಿದು ಅಲ್ಲೇ ಸತ್ತ. ಜೊತೆಗಿದ್ದ ಇಬ್ಬರಿಗೆ ಕಟ್ಟಪ್ಪಣೆ ಇತ್ತು: ಕೆಳಗೆ ಬಿದ್ದ ಝೀರೋ ವೈರಿಗೆ ಸಿಗಬಾರದು, ಸುಟ್ಟುಬಿಡಿ ಅಂತ. ಆದರೆ ಒಳಗೆ ಕೋಗಾ ಬದುಕಿರಬಹುದು ಅಲ್ವಾ? ಗೆಳೆಯನ ಮೇಲೆ ಗುಂಡು ಹಾರಿಸಲು ಅವರಿಗೆ ಮನಸ್ಸಾಗಲಿಲ್ಲ. ಹಾಗೇ ಹೊರಟುಹೋದರು. ವಿಮಾನ ಒಂದು ತಿಂಗಳಿಗೂ ಹೆಚ್ಚು ಕಾಲ ಕೆಸರಲ್ಲಿ ತಲೆಕೆಳಗಾಗಿ ಬಿದ್ದಿತ್ತು.

ಜುಲೈ 10ರಂದು ಅದನ್ನು ಕಂಡಿದ್ದು ಅಮೆರಿಕದ ಒಂದು ಕ್ಯಾಟಲಿನಾ. ನೀರಿನ ಮೇಲೆ ಇಳಿಯುವ ವಿಮಾನ ಅದು. ಕ್ಯಾಟಲಿನಾ ಅಂದಕೂಡಲೇ ನನ್ನ ಕಿವಿ ನೆಟ್ಟಗಾಗುತ್ತದೆ. ಯುದ್ಧದ ಕಾಲದಲ್ಲಿ ನಮ್ಮ ಬೆಂಗಳೂರಿನ ಕಾರ್ಖಾನೆಗೆ ಅವು ರಿಪೇರಿಗೆ ಬರುತ್ತಿದ್ದವು, ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹಿರಿಯ ಮೇಸ್ತ್ರಿ ತಮ್ಮ ತಂದೆ ಅದನ್ನು ಕಣ್ಣಾರೆ ನೋಡಿದ್ದರು ಅಂತ ಹೇಳುತ್ತಿದ್ದರು. ಈಗ ಆ ಕೆರೆಯಲ್ಲಿ ನೊರೆ ನೋಡಿದವರಿಗೆ ಇದನ್ನು ನಂಬೋದು ಕಷ್ಟ.

ಸರಿ, ಕೆಲಸಕ್ಕೆ ಬರೋಣ.

ಏನೇನು ಬೇಕು

ಮಿತ್ಸುಬಿಷಿ ಎ6ಎಂ2, ಮಾಡೆಲ್ 21 ಅಂತ ಡಬ್ಬದ ಮೇಲೆ ಇರಬೇಕು. ಬೇರೆ ಝೀರೋಗಳ ರೆಕ್ಕೆ ತುದಿ, ಮೂತಿ ಬೇರೆ. ಅಳತೆ 1/72 ತಗೊಳ್ಳಿ. ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 12 ಮೀಟರ್. 1/72ರಲ್ಲಿ ಅದು ಹದಿನಾರೂವರೆ ಸೆಂಟಿಮೀಟರ್‌ಗಿಂತ ಒಂದು ಕೂದಲು ಜಾಸ್ತಿ. ಊಟದ ತಟ್ಟೆಯ ಮೇಲೆ ಆರಾಮಾಗಿ ಕೂರುತ್ತದೆ. 1/48 ಆದರೆ 25 ಸೆಂಟಿಮೀಟರ್, ಆಮೇಲೆ ಇಡೋದೆಲ್ಲಿ ಅಂತ ಮನೆಯಲ್ಲಿ ಮಾತು ಶುರುವಾಗುತ್ತದೆ. ತಮಿಯಾ ಕಿಟ್ ಜೋಡಣೆ ಬಹಳ ಚೊಕ್ಕ. ಏರ್‌ಫಿಕ್ಸ್ ಕೂಡ ನಡೆಯುತ್ತದೆ.

ಉಪಕರಣಕ್ಕೆ ದುಡ್ಡು ಸುರಿಯಬೇಡಿ. ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಬಳಸುವ ಸಣ್ಣ ಕಟರ್ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ, ಅದೇ ಸಾಕು. ಒಂದು ಚೂಪಾದ ಬ್ಲೇಡು, ಒಂದು ಚಿಮಟ, ಹಾರ್ಡ್‌ವೇರ್ ಅಂಗಡಿಯಿಂದ 400, 800, 1200 ನಂಬರಿನ ಎಮರಿ ಶೀಟು, ಮಾಸ್ಕಿಂಗ್ ಟೇಪು. ಪ್ಲಾಸ್ಟಿಕ್ ಕಿಟ್‌ಗೆ ಅಂತಲೇ ಬರುವ ತೆಳು ಅಂಟು, ಒಂದು ಡಬ್ಬಿ ಫೆವಿಕಾಲ್. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ. ಸ್ಪ್ರೇ ಗನ್ ಇಲ್ಲದಿದ್ದರೆ ಪರವಾಗಿಲ್ಲ, ಒಳ್ಳೆಯ ಚಪ್ಪಟೆ ಬ್ರಷ್ ಸಾಕು.

ಇನ್ನೊಂದು ವಸ್ತು ದುಡ್ಡಿಗೆ ಸಿಗಲ್ಲ. ಓಲ್ಡ್ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ಒಂದು ಸಲ ಹೋಗಿ ಬನ್ನಿ. ಅಲ್ಲಿ ಝೀರೋ ಇಲ್ಲ. ಆದರೆ ಅಜೀತ್ ಇದೆ, ಮಾರುತ್ ಇದೆ. ಹತ್ತಿರ ನಿಂತು ತಗಡು ತಗಡಿಗೆ ಸೇರುವ ಗೆರೆ ನೋಡಿ, ರಿವೆಟ್ ಸಾಲು ನೋಡಿ. ವಿಮಾನದ ಮೈ ಕಾರಿನ ಬಾನೆಟ್ಟಿನ ಹಾಗೆ ನುಣ್ಣಗೆ ಇರಲ್ಲ ಅನ್ನೋದು ಕಣ್ಣಿಗೆ ಹತ್ತಬೇಕು.

ಅಜೀತ್ ಅಂದೆ ಅಲ್ವಾ. ಅದರ ತಾಯಿ ನ್ಯಾಟ್ ವಿಮಾನ, ಅದನ್ನೂ ಇಲ್ಲೇ ಬೆಂಗಳೂರಿನಲ್ಲಿ ಲೈಸೆನ್ಸ್ ತಗೊಂಡು ಕಟ್ಟುತ್ತಿದ್ದರು. ನಮ್ಮದೂ ಒಂದು ನ್ಯಾಟ್ ವೈರಿ ಕೈ ಸೇರಿದೆ. 1965ರ ಸೆಪ್ಟೆಂಬರ್ 3ರಂದು ಪಾಕಿಸ್ತಾನದ ಪಸ್ರೂರ್‌ನಲ್ಲಿ ಇಳಿಯಿತು, ಇವತ್ತೂ ಕರಾಚಿಯ ಮ್ಯೂಸಿಯಂನಲ್ಲಿ ನಿಂತಿದೆ. ನನ್ನ ಮುಂದಿನ ಮಾದರಿ ಅದೇ. ಅದನ್ನು ಕಟ್ಟೋಕೆ ಕೈ ಯಾಕೋ ಹಿಂದೆ ಮುಂದೆ ನೋಡುತ್ತಿದೆ.

ತೊಳೆಯುವುದು, ಕತ್ತರಿಸುವುದು, ಅಂಟಿಸುವುದು

ಭಾಗಗಳೆಲ್ಲ ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಅದಕ್ಕೆ ಸ್ಪ್ರೂ ಅಂತಾರೆ. ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆ ಜಿಡ್ಡು ಅದರ ಮೇಲಿರುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ರಾತ್ರಿ ಒಣಗಲು ಬಿಡಿ. ಸಿಂಕಿನಲ್ಲಿ ತೊಳೆಯಬೇಡಿ, ಬಕೆಟ್‌ನಲ್ಲಿ ತೊಳೆಯಿರಿ. ಸಣ್ಣ ಭಾಗ ಕಿತ್ತು ಪೈಪಿನೊಳಗೆ ಹೋದರೆ ಆಮೇಲೆ ಪ್ಲಂಬರ್ ಬೇಕು.

ಭಾಗವನ್ನು ಒಂದೇ ಏಟಿಗೆ ಬುಡಕ್ಕೆ ಕತ್ತರಿಸಬೇಡಿ. ಮೊದಲು ದೂರದಲ್ಲಿ ಕತ್ತರಿಸಿ, ಆಮೇಲೆ ಉಳಿದ ತುಂಡನ್ನು ಬ್ಲೇಡಿನಿಂದ ಹೆರೆದು, ಕೊನೆಗೆ ಎಮರಿಯಿಂದ ಉಜ್ಜಿ. ನಾವು ಕಾರ್ಖಾನೆಯಲ್ಲಿ ಬರ್ ತೆಗೆಯೋದು ಅಂತಿದ್ದೆವು. ಬೆರಳ ತುದಿ ಸವರಿದಾಗ ಏನೂ ತಡೆಯಬಾರದು.

ಕಾಕ್‌ಪಿಟ್ ಮೊದಲು. ಒಳಗೆ ಮಂಕು ಹಸಿರು, ಡಯಲ್ ಇರುವ ಪಟ್ಟಿ ಕಪ್ಪು. ಅಂಟು ಹಾಕುವಾಗ ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟು ಸಾಕು. ಈ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ, ಜಾಸ್ತಿ ಆದರೆ ಮೈಯೇ ಮೆತ್ತಗಾಗುತ್ತದೆ. ಎರಡು ಅರ್ಧ ಮೈ ಕೂಡಿಸಿ ರಬ್ಬರ್ ಬ್ಯಾಂಡ್ ಹಾಕಿ ರಾತ್ರಿ ಇಡೀ ಬಿಡಿ.

ಕಾಕ್‌ಪಿಟ್ ಗಾಜಿಗೆ ಮಾತ್ರ ಫೆವಿಕಾಲ್. ಕ್ವಿಕ್ ಫಿಕ್ಸ್ ಹಾಕಿದರೆ ಅದರ ಹೊಗೆಗೆ ಗಾಜು ಒಳಗಿನಿಂದ ಬೆಳ್ಳಗಾಗುತ್ತದೆ, ಕಣ್ಣಿಗೆ ಪೊರೆ ಬಂದ ಹಾಗೆ. ಒರೆಸಲು ಕೈ ಹೋಗಲ್ಲ.

ಒಂದು ಅವಾಂತರ ಹೇಳಿಬಿಡುತ್ತೇನೆ. ಮೊದಲನೇ ಮಾದರಿಯಲ್ಲಿ ರೆಕ್ಕೆ ಮೇಲೆ ಬಣ್ಣ ಚೆಲ್ಲಿತು. ಸೊಸೆಯ ಉಗುರು ಬಣ್ಣ ತೆಗೆಯುವ ದ್ರವ ಹತ್ತಿಯಲ್ಲಿ ಅದ್ದಿ ಒರೆಸಿದೆ. ಅದರಲ್ಲಿ ಅಸಿಟೋನ್ ಇರುತ್ತದೆ. ಬಣ್ಣದ ಜೊತೆ ರೆಕ್ಕೆಯೂ ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಬಂತು. ಮೂವತ್ತೆರಡು ವರ್ಷ ಸರ್ವಿಸ್ ಮಾಡಿದವನ ಕೈಕೆಲಸ ಅದು.

ರಿಪೇರಿ ಕಾಣಬೇಕು

ಇಲ್ಲಿ ನನ್ನದೊಂದು ತಕರಾರಿದೆ. ಈ ವಿಮಾನದ ಬಗ್ಗೆ ಮಾತಾಡುವವರೆಲ್ಲ ಹಾರಿಸಿದ ಪೈಲಟ್ ಬಗ್ಗೆಯೇ ಹೇಳುತ್ತಾರೆ. ಕೆಸರಲ್ಲಿ ಮಗುಚಿದ್ದನ್ನು ಹಾರುವ ಹಾಗೆ ಮಾಡಿದ್ದು ಯಾರು? ಆಗಸ್ಟ್ 1ಕ್ಕೆ ಅದು ಹಡಗಿನಲ್ಲಿ ಸಿಯಾಟಲ್ ತಲುಪಿತು. ಅಲ್ಲಿಂದ ಸ್ಯಾನ್ ಡಿಯೇಗೊದ ನಾರ್ತ್ ಐಲ್ಯಾಂಡ್ ನೌಕಾನೆಲೆಗೆ. ಸುತ್ತ 12 ಅಡಿ ಬೇಲಿ ಹಾಕಿ ರಿಪೇರಿ ಶುರು ಮಾಡಿದರು. ಬಾಲದ ನಿಂತ ರೆಕ್ಕೆ, ರಡ್ಡರ್, ರೆಕ್ಕೆ ತುದಿ, ಫ್ಲಾಪು, ಗಾಜಿನ ಚೌಕಟ್ಟು ಎಲ್ಲಾ ಹಾಳಾಗಿತ್ತು. ತಲೆಕೆಳಗಾಗಿ ಬಿದ್ದ ವಿಮಾನ, ಇನ್ನೆಲ್ಲಿ ಪೆಟ್ಟಾಗುತ್ತದೆ ಹೇಳಿ. ಚಕ್ರದ ಕಾಲುಗಳು ಮುರಿದೇ ಹೋಗಿದ್ದವು, ಅದಕ್ಕೇ ಜಾಸ್ತಿ ಕೆಲಸ ಬಿತ್ತು. ಬಿಡಿಭಾಗ ತರಿಸೋಣ ಅಂದರೆ ಅದು ಸಿಗೋದು ಜಪಾನಿನಲ್ಲಿ! ಡ್ರಾಯಿಂಗ್ ಇಲ್ಲ, ಮ್ಯಾನ್ಯುಯಲ್ ಇಲ್ಲ. ಎರಡು ತಿಂಗಳೊಳಗೆ ಹಾರಿಸಿದರು. ನಮ್ಮ ಶಾಪಿನಲ್ಲಿ ಎಲ್ಲಾ ಕಾಗದ ಇದ್ದೂ ಒಂದು ಬಾಗಿಲ ಹಿಂಜ್ ಬರೋಕೆ ಅಷ್ಟು ದಿನ ಹಿಡಿದಿದ್ದು ನೋಡಿದ್ದೇನೆ.

ಆದ್ದರಿಂದ ನಿಮ್ಮ ಮಾದರಿಯಲ್ಲಿ ರಿಪೇರಿ ಕಾಣಬೇಕು. ಹೀಗೆ ಮಾಡಿ. ಬಾಲದ ನಿಂತ ರೆಕ್ಕೆಗೆ ಬಣ್ಣ ಹಚ್ಚುವಾಗ ಅದೇ ಬಣ್ಣಕ್ಕೆ ಒಂದು ಹನಿ ಬಿಳಿ ಸೇರಿಸಿ, ಉಳಿದ ಮೈಗಿಂತ ಒಂದು ಛಾಯೆ ಹೊಸದಾಗಿ ಕಾಣಲಿ. ರೆಕ್ಕೆ ತುದಿಗೂ ಹಾಗೇ. ಹಡಗಿನ ಲಿಫ್ಟ್‌ನಲ್ಲಿ ಹಿಡಿಸಲಿ ಅಂತ ಈ ಝೀರೋದ ರೆಕ್ಕೆ ತುದಿ ಅರ್ಧ ಮೀಟರ್ ಮಡಚುತ್ತಿತ್ತು. ನಮ್ಮ ಅಳತೆಯಲ್ಲಿ ಅದು 7 ಮಿಲಿಮೀಟರ್. ಅಲ್ಲಿರುವ ಗೆರೆಯನ್ನು ಸೂಜಿಯಿಂದ ಇನ್ನೊಂದು ಸಲ ಗೀರಿ ಸ್ಫುಟ ಮಾಡಿ, ತುದಿಗೆ ಆ ತಿಳಿ ಛಾಯೆ ಕೊಡಿ.

ಪ್ರೊಪೆಲ್ಲರ್ ನನಗೆ ಬಲು ಪ್ರೀತಿಯ ಭಾಗ. ಮೂರು ಎಲೆಯ ಆ ಜಪಾನಿ ಪ್ರೊಪೆಲ್ಲರನ್ನು ಅಮೆರಿಕದವರು ಎಸೆಯಲಿಲ್ಲ, ಡ್ರೆಸ್ ಮಾಡಿ ಅದನ್ನೇ ಹಾಕಿದರು. ಡ್ರೆಸ್ ಮಾಡೋದು ಅಂದರೆ ಏಟು ಬಿದ್ದ ಅಂಚನ್ನು ಸಣ್ಣ ಅರದಿಂದ ಸವರಿ ಸವರಿ, ಕಚ್ಚು ಕಾಣದ ಹಾಗೆ ನಯ ಮಾಡೋದು. ಕಚ್ಚು ಉಳಿದರೆ ಅಲ್ಲಿಂದಲೇ ಬಿರುಕು ಬಿಡುತ್ತದೆ. ಒಂದು ಎಲೆಯಲ್ಲಿ ಎಷ್ಟು ಸವರಿದೆವೋ ಉಳಿದ ಎರಡರ ತೂಕವೂ ಅದಕ್ಕೆ ಹೊಂದಬೇಕು, ಇಲ್ಲದಿದ್ದರೆ ಎಂಜಿನ್ ಗಡಗಡ ಅನ್ನುತ್ತದೆ. ನಿಮ್ಮ ಮಾದರಿಯಲ್ಲಿ ಇದು ಬರೀ ನಾಲ್ಕು ಸೆಂಟಿಮೀಟರ್. ಎಲೆಯ ಮುಂದಿನ ಅಂಚಿಗೆ ಮಾತ್ರ ಟೂತ್‌ಪಿಕ್ ತುದಿಯಿಂದ ಅಲ್ಯೂಮಿನಿಯಂ ಬಣ್ಣ ಮುಟ್ಟಿಸಿ. ಎಳೆಯಬೇಡಿ, ಮುಟ್ಟಿಸಿ. ಅರ ಆಡಿದ ಜಾಗದಲ್ಲಿ ಬಣ್ಣ ಹೋಗಿ ಲೋಹ ಹೊಳೆದ ಹಾಗೆ ಕಾಣುತ್ತದೆ. ಇಡೀ ಮಾದರಿಯಲ್ಲಿ ನೋಡಿದವರು ಯಾರೂ ಗುರುತಿಸದ ಜಾಗ ಇದು. ಆದರೂ ಮಾಡಿ.

ಚಕ್ರದ ಕಾಲು ಅಂಟಿಸಿದ ಮೇಲೆ ರೆಕ್ಕೆಯ ಕೆಳಗೆ ಎರಡೂ ಕಡೆ ಒಂದೊಂದು ಬೆಂಕಿಪೊಟ್ಟಣ ನಿಲ್ಲಿಸಿ ಆನಿಸಿ. ಎತ್ತರ ಸಾಲದಿದ್ದರೆ ಕಾಗದ ಮಡಚಿ ಇಡಿ. ಹಿಂದಿನಿಂದ ಕಣ್ಣು ಮಟ್ಟಕ್ಕೆ ಹಿಡಿದು ನೋಡಿ, ಎರಡೂ ಕಾಲು ಸಮ ಇದೆಯಾ ಅಂತ. ಒಂದು ರಾತ್ರಿ ಮುಟ್ಟಬೇಡಿ.

ಬಣ್ಣ

ಮಳೆಗಾಲದಲ್ಲಿ ಬಣ್ಣದ ಕೆಲಸ ಬೇಡ ಅಂತ ನನ್ನ ಸಲಹೆ. ಜುಲೈನಲ್ಲಿ ಬೆಂಗಳೂರಿನ ಗಾಳಿ ಒದ್ದೆ ಟವೆಲ್ ಇದ್ದ ಹಾಗೆ. ಕೊನೆಯ ವಾರ್ನಿಷ್ ಮೇಲೆ ಬಿಳಿ ಮಂಜು ಕೂರುತ್ತದೆ. ಬೇಸಿಗೆಯಲ್ಲಿ ಮಾಡೋಣ ಅಂದರೆ ಧೂಳು. ನನ್ನ ಉಪಾಯ: ಅಯ್ಯಂಗಾರ್ ಬೇಕರಿಯ ಕೇಕ್ ಜೊತೆ ಬರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ. ಬಣ್ಣ ಹಚ್ಚಿದ ತಕ್ಷಣ ಅದನ್ನು ಬೋರಲು ಹಾಕಿ ಮುಚ್ಚಿ, ಒಂದು ಕಡೆ ಪೆನ್ಸಿಲ್ ಕೊಟ್ಟು ಸ್ವಲ್ಪ ಎತ್ತಿಡಿ. ಗಾಳಿ ಆಡುತ್ತದೆ, ಧೂಳು ಕೂರಲ್ಲ.

ಮೇಲ್ಭಾಗ ಹೊಳಪಿಲ್ಲದ ನೀಲಿ ಬೂದು, ಕೆಳಭಾಗ ತಿಳಿ ಬೂದು. ಆಗಿನ ಅಮೆರಿಕದ ನೌಕಾಪಡೆಯ ಬಣ್ಣವೇ ಇದು. ನೀಲಿ ಬೂದು ಸಿದ್ಧವಾಗಿ ಸಿಗದಿದ್ದರೆ ಮಧ್ಯಮ ಬೂದಿಗೆ ಸ್ವಲ್ಪ ಸ್ವಲ್ಪವೇ ನೀಲಿ ಬೆರೆಸಿ. ಸ್ಕೂಲ್ ಯೂನಿಫಾರ್ಮಿನ ಪ್ಯಾಂಟು ನಾಲ್ಕು ವರ್ಷ ಒಗೆದ ಮೇಲೆ ಯಾವ ಬಣ್ಣಕ್ಕೆ ಬರುತ್ತದೋ ಅದು. ತೆಳುವಾಗಿ ಮೂರು ಕೋಟ್ ಹಚ್ಚಿ, ದಪ್ಪಗೆ ಒಂದು ಕೋಟ್ ಬೇಡ.

ಒಂದು ಹೆಚ್ಚಿನ ಕೆಲಸ ನಾನು ಮಾಡುತ್ತೇನೆ. ಮೊದಲು ಇಡೀ ವಿಮಾನಕ್ಕೆ ಜಪಾನಿ ಬೂದು ಹಚ್ಚಿ, ರೆಕ್ಕೆ ಮೇಲೆ ಕೆಂಪು ಸೂರ್ಯನನ್ನೂ ಬರೆದು, ಅದು ಒಣಗಿದ ಮೇಲೆ ಅಮೆರಿಕದ ಬಣ್ಣ ಹಚ್ಚುತ್ತೇನೆ. ಮಧ್ಯೆ ಒಂದು ಕೋಟ್ ಬೂದು ಪ್ರೈಮರ್ ಇರಲಿ, ಇಲ್ಲದಿದ್ದರೆ ತಿಳಿ ಬಣ್ಣದ ಕೆಳಗಿನಿಂದ ಕೆಂಪು ಗುಲಾಬಿಯಾಗಿ ಎದ್ದು ಬರುತ್ತದೆ. "ಕಾಣಲ್ವಲ್ಲ ತಾತ, ಮತ್ಯಾಕೆ?" ಅಂತ ನಮ್ಮ ಹುಡುಗ ಕೇಳುತ್ತಾನೆ. ಅದು ನನ್ನ ಹುಚ್ಚು, ನಿಮಗೆ ಬೇಡ ಅಂದರೆ ಬಿಡಿ.

ನಕ್ಷತ್ರದಲ್ಲಿ ಮಾತ್ರ ಎಚ್ಚರ. ಕಿಟ್‌ನಲ್ಲಿ ಅಮೆರಿಕದ ಗುರುತು ಇಲ್ಲದಿದ್ದರೆ ಬೇರೆ ಕಿಟ್‌ನಲ್ಲಿ ಉಳಿದದ್ದನ್ನು ಬಳಸಬೇಕು. ನಿಮಗೆ ಬೇಕಾದದ್ದು ನೀಲಿ ವೃತ್ತ, ಒಳಗೆ ಬಿಳಿ ನಕ್ಷತ್ರ, ಅಷ್ಟೇ. ನಕ್ಷತ್ರದ ನಡುವೆ ಕೆಂಪು ಚುಕ್ಕೆ ಇದ್ದರೆ ಅದು ಹಳೆಯದು. ಜಪಾನಿನ ಕೆಂಪು ಸೂರ್ಯ ಅಂತ ಗೊಂದಲ ಆಗುತ್ತದೆ ಅಂತ 1942ರ ಮೇ ತಿಂಗಳಲ್ಲೇ ತೆಗೆದರು. ಎರಡೂ ಪಕ್ಕ ಬಿಳಿ ಪಟ್ಟಿ ಇದ್ದರೆ ಅದು 1943ರಲ್ಲಿ ಬಂದದ್ದು. ನಾನು ಮೊದಲ ಸಲ ಕೆಂಪು ಚುಕ್ಕೆಯದನ್ನೇ ಅಂಟಿಸಿ, ಮೂರು ತಿಂಗಳು ಬಂದವರಿಗೆಲ್ಲ ತೋರಿಸಿ, ಆಮೇಲೆ ಕಂಡುಕೊಂಡೆ. ಸ್ಟಿಕರನ್ನು ಬೆಚ್ಚಗಿನ ನೀರಲ್ಲಿ ಅರ್ಧ ನಿಮಿಷ ನೆನೆಸಿ ಜಾರಿಸಿ ಕೂರಿಸಬೇಕು. ಗೆರೆಗಳೊಳಗೆ ಅದು ಕೂರದಿದ್ದರೆ ನೀರು ಬೆರೆಸಿದ ವಿನೆಗರ್ ಒಂದು ಹನಿ ಸವರಿ.

ಏಲರಾನ್: ಈ ವಿಮಾನದ ಗುಟ್ಟು

ರೆಕ್ಕೆಯ ಹಿಂದಿನ ಅಂಚಿನಲ್ಲಿ ಉದ್ದಕ್ಕೆ ಒಂದು ಪಟ್ಟಿ ಇದೆಯಲ್ಲ, ಅದು ಏಲರಾನ್. ವಿಮಾನ ಪಕ್ಕಕ್ಕೆ ಹೊರಳುವುದು ಅದರಿಂದ. ಅದರ ಸುತ್ತಲಿನ ಗೆರೆಯನ್ನು ಕಡು ಬೂದು ಬಣ್ಣದ ನೀರಿನಿಂದ ತುಂಬಿ, ಎದ್ದು ಕಾಣಲಿ. ಯಾಕೆ ಅಂದರೆ ಅಷ್ಟೆಲ್ಲ ಕಷ್ಟಪಟ್ಟು ರಿಪೇರಿ ಮಾಡಿದ್ದಕ್ಕೆ ಸಿಕ್ಕ ಫಲ ಅಲ್ಲೇ ಇತ್ತು.

ಎಡ್ಡಿ ಸ್ಯಾಂಡರ್ಸ್ ಅನ್ನುವ ನೌಕಾಪಡೆಯ ಪೈಲಟ್ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 15ರೊಳಗೆ ಇದನ್ನು 24 ಸಲ ಹಾರಿಸಿದರು. ಅಲ್ಲಿವರೆಗೆ ಝೀರೋ ಅಂದರೆ ಭೂತ. ಬೇಗ ಮೇಲೇರುತ್ತಿತ್ತು, ಗಿರಕಿ ಹೊಡೆದು ಹಿಂದೆ ಬಂದುಬಿಡುತ್ತಿತ್ತು. ಖಾಲಿ ವಿಮಾನದ ತೂಕ ಬರೀ 1,680 ಕೆ.ಜಿ., ಒಂದೂವರೆ ಅಂಬಾಸಿಡರ್ ಕಾರಿನಷ್ಟು. ಆದರೆ ವೇಗ 200 ನಾಟ್ ದಾಟಿದರೆ, ಅಂದರೆ ಗಂಟೆಗೆ ಸುಮಾರು 370 ಕಿ.ಮೀ., ಏಲರಾನ್ ಬಿಗಿದುಕೊಳ್ಳುತ್ತಿತ್ತು. ಪೈಲಟ್ ಕೈಯಲ್ಲಿರುವ ಕೋಲನ್ನು ಎಷ್ಟು ಒತ್ತಿದರೂ ನಿಧಾನ. ಅದರಲ್ಲೂ ಎಡಕ್ಕೆ ಹೊರಳಿದಷ್ಟು ಸುಲಭವಾಗಿ ಬಲಕ್ಕೆ ಹೊರಳುತ್ತಿರಲಿಲ್ಲ. ಇನ್ನೊಂದು: ಮೂತಿಯನ್ನು ತಟಕ್ಕನೆ ಕೆಳಕ್ಕೆ ತಳ್ಳಿದರೆ ಎಂಜಿನ್ ಕೆಮ್ಮಿ ನಿಲ್ಲುತ್ತಿತ್ತು. ಅದರ ಕಾರ್ಬುರೇಟರ್ ಫ್ಲೋಟ್ ಇರುವಂಥದ್ದು, ನಮ್ಮ ಹಳೇ ಸ್ಕೂಟರ್‌ಗಳಲ್ಲಿ ಇರುತ್ತಿತ್ತಲ್ಲ ಆ ಜಾತಿ. ಒಳಗಿನ ಪೆಟ್ರೋಲ್ ಮೇಲಕ್ಕೆ ಹಾರಿದರೆ ಎಂಜಿನ್‌ಗೆ ಸಿಗಲ್ಲ.

ಮುಂದೆ ಅಮೆರಿಕದ ಪೈಲಟ್‌ಗಳಿಗೆ ಹೋದ ಸೂಚನೆ ಇಷ್ಟೇ. ಝೀರೋ ಬೆನ್ನು ಹತ್ತಿದರೆ ಮೂತಿ ಕೆಳಗೆ ಮಾಡಿ ಧುಮುಕಿ, ವೇಗ ಬಂದ ಮೇಲೆ ಬಲಕ್ಕೆ ಹೊರಳಿ. ಹಿಂದೆ ಬರೋಕೆ ಅದಕ್ಕೆ ಆಗಲ್ಲ.

ಈ ವಿಮಾನ ನೋಡಿಯೇ ಅಮೆರಿಕದವರು ತಮ್ಮ ಹೆಲ್‌ಕ್ಯಾಟ್ ಯುದ್ಧವಿಮಾನ ಕಟ್ಟಿದರು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೆಲ್‌ಕ್ಯಾಟ್ ಮೊದಲು ಹಾರಿದ್ದು 1942ರ ಜೂನ್ 26ರಂದು. ಆಗ ಈ ಝೀರೋ ಇನ್ನೂ ಕೆಸರಲ್ಲೇ ಬಿದ್ದಿತ್ತು.

ಎಲ್ಲಿ ಇಡಬೇಕು

ನೂಲು ಕಟ್ಟಿ ತೂಗು ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಕೆಂಪು ಚುಕ್ಕೆಯ ನನ್ನ ಮೊದಲನೇ ಝೀರೋವನ್ನು ಹಾಲ್‌ನಲ್ಲಿ ಹಾಗೇ ತೂಗು ಹಾಕಿದ್ದೆ. ಏಪ್ರಿಲ್ ತಿಂಗಳು, ಸೆಕೆ, ಫ್ಯಾನ್ ಐದರಲ್ಲಿತ್ತು. ಬಾಲ್ಕನಿ ಬಾಗಿಲು ತೆಗೆದ ಕೂಡಲೇ ಗಾಳಿ ಬಂತು, ವಿಮಾನ ಉಯ್ಯಾಲೆ ಹಾಗೆ ಒಂದು ಸಲ ಜೀಕಿತು. ಫ್ಯಾನಿನ ರೆಕ್ಕೆ ಬಾಲದಿಂದ ಕಾಕ್‌ಪಿಟ್‌ವರೆಗೆ ಕೊಚ್ಚಿ ಹಾಕಿತು. ಒಂದು ಚೂರು ಉಪ್ಪಿಟ್ಟಿನ ತಟ್ಟೆಯಲ್ಲಿ ಸಿಕ್ಕಿತು.

ನಿಜವಾದ ಝೀರೋ ಸತ್ತಿದ್ದೂ ಹೀಗೇ. 1945ರ ಫೆಬ್ರವರಿಯಲ್ಲಿ ಸ್ಯಾನ್ ಡಿಯೇಗೊದಲ್ಲಿ ಅದು ನೆಲದ ಮೇಲೆ ನಿಧಾನವಾಗಿ ಹೋಗುತ್ತಿದ್ದಾಗ ಹಿಂದಿನಿಂದ ಒಂದು ಹೆಲ್‌ಡೈವರ್ ವಿಮಾನ ಬಂದು ಹತ್ತಿತು. ಅದರ ಪ್ರೊಪೆಲ್ಲರ್ ಝೀರೋವನ್ನು ಬಾಲದಿಂದ ಕಾಕ್‌ಪಿಟ್‌ವರೆಗೆ ತುಂಡು ತುಂಡು ಮಾಡಿತು. ಪೈಲಟ್ ಉಳಿದುಕೊಂಡರು. ಇದನ್ನು ಓದಿ ಹೇಳಿದ್ದು ನಮ್ಮ ಹುಡುಗನೇ. ನಾನು ನೆಲದಲ್ಲಿ ಚೂರು ಹೆಕ್ಕುತ್ತಿದ್ದೆ. "ತಾತ, ಚುಕ್ಕೆ ಒಂದು ತಪ್ಪಿತ್ತು, ಉಳಿದಿದ್ದೆಲ್ಲ ಕರೆಕ್ಟಾಗಿದೆ" ಅಂದ.

ಎರಡನೆಯದು ಗಾಜಿನ ಶೋಕೇಸ್‌ನಲ್ಲಿ, ಮೇಲಿನಿಂದ ಎರಡನೇ ಹಲಗೆಯಲ್ಲಿದೆ. ಬಿಸಿಲು ನೇರ ಬೀಳದ ಕಡೆ ಇಡಿ, ಸ್ಟಿಕರ್ ಹಳದಿಯಾಗುತ್ತದೆ. ಧೂಳು ಕೂತರೆ ಬಟ್ಟೆ ಬೇಡ, ಮೆತ್ತನೆಯ ಬ್ರಷ್ ಸಾಕು. ತೂಗು ಹಾಕಲೇಬೇಕು ಅಂತ ಹಟ ಇದ್ದರೆ ನೂಲು ಎಷ್ಟು ಉದ್ದವೋ ಅದರ ಎರಡರಷ್ಟು ದೂರ ಫ್ಯಾನಿನಿಂದ ಬಿಡಿ.